ಆಶೆಯೂ ಒಂದು ದಿಕ್ಕು

'ಆಶೆಯೇ ದುಃಖಕ್ಕೆ ಮೂಲ' ಎಂಬ ಮಾತು ಪಂಡಿತರಿಂದ ಪಾಮರರವರೆಗೆ ಎಲ್ಲರ ನಾಲಗೆಯ ಮೇಲೂ ಸುಳಿದಾಡತಕ್ಕದ್ದು. ಧನದಾಶೆ ಮನೆ ಮುರಿದುದನ್ನೂ ಪದವಿಯ ಆಶೆ ಮನಸ್ಸು ಕೆಡಿಸಿದುದನ್ನೂ ಕಂಡ ಲೋಕಾನುಭವ ಆ ಮಾತಿನ ಹಿಂದೆ ಇದೆ. ಆದುದರಿಂದ ಅದನ್ನು ಸುಳ್ಳೆಂದು ತಳ್ಳಿಹಾಕುವಂತಿಲ್ಲ. ಆದರೆ ಅದೇ ಪೂರ್ಣಸತ್ಯವೆಂದು ಒಪ್ಪುವಂತೆಯೂ ಇಲ್ಲ. ಸಂಸ್ಕೃತದಲ್ಲಿ 'ಆಶಾ' ಶಬ್ದಕ್ಕೆ ಬಯಕೆ, ನಿರೀಕ್ಷೆ ಎಂಬ ಅರ್ಥಗಳಿರುವಂತೆಯೇ ದಿಕ್ಕು ಎಂಬ ಅರ್ಥವೂ ಉಂಟು. ಅಮರಸಿಂಹನು ತನ್ನ ಕೋಶದಲ್ಲಿ ಅದನ್ನು ದಿಕ್ಕಿನ ಪರ್ಯಾಯನಾಮಗಳ ಸಾಲಿನಲ್ಲಿಯೇ ಸೇರಿಸಿದ್ದಾನೆ. ಎರಡು ಶಬ್ದಗಳ ವ್ಯುತ್ಪತ್ತಿ ಬೇರೆ ಬೇರೆಯೆಂದು ವೈಯಾಕರಣರು ಹೇಳಬಹುದು. ಹಾಗಿದ್ದರೂ ಒಂದೇ ರೂಪದಲ್ಲಿ ಎರಡೂ ಅರ್ಥಗಳು ನೆಲೆಸಿರುವುದು ಚಿಂತನಾರ್ಹವಾಗಿದೆ. ಆಶೆಯನ್ನು ಕಳೆದುಕೊಂಡವನು ಬಹುಮಟ್ಟಿಗೆ ದಿಕ್ಕನ್ನೂ ಕಳೆದುಕೊಂಡವನೇ.

ಒಮ್ಮೆ ಬತ್ತಿದ ಆಶೆ ಮತ್ತೆ ಚಿಗುರುವುದು ಹೇಗೆ, ಹಾಗೆ ಚಿಗುರಿದ ಆಶೆಗೆ ಬೆಲೆಯುಂಟೆ ಎಂಬುದನ್ನು ಪರೀಕ್ಷಿಸಲು ದೊಡ್ಡ ದೊಡ್ಡ ರಾಜ್ಯಗಳ ಏಳುಬೀಳುಗಳನ್ನೇ ನೋಡಬೇಕೆಂದಿಲ್ಲ. ಅಮೆರಿಕ ದೇಶದ ಜನ ಬೇಸಗೆಯ ಸಂಜೆಗಳನ್ನು ಕಳೆಯುವ ಬೇಸ್‌ಬಾಲ್ ಎಂಬ ದಾಂಡು–ಚೆಂಡಿನ ಆಟವನ್ನು, ಅದನ್ನು ನೋಡುವ ಒಬ್ಬ ಸಾಮಾನ್ಯ ಅಭಿಮಾನಿಯ ಮನಸ್ಸನ್ನು ನೋಡಿದರೂ ಸಾಕು. ಇಂಥ ಸಂಪುಟದಲ್ಲಿ ದೂರದೇಶದ ಆಟದ ಪ್ರಸ್ತಾಪವೇಕೆ ಎಂದು ಕೆಲವರಿಗೆ ತೋರಬಹುದು. ಆದರೆ ಜೀವನದಲ್ಲಿ ಆಶೆ ಎಷ್ಟು ಉಳಿದಿದೆ, ಎಷ್ಟು ಅಳಿದಿದೆ ಎಂಬುದನ್ನು ಅಳೆಯುವ ಕೋಲು ಯಾರ ಕೈಯಲ್ಲಿಯೂ ಇಲ್ಲ. ಬೇಸ್‌ಬಾಲ್ ಆಟದಲ್ಲಾದರೋ ಅದು ದಿನದಿನವೂ ಬೆಳಗಿನ ಪತ್ರಿಕೆಯಲ್ಲಿ ಅಂಕಿಯಾಗಿ ಅಚ್ಚಾಗುತ್ತದೆ. ಈ ಕಾರಣದಿಂದಲೇ ಅದು ವಿಚಾರಕ್ಕೆ ತಕ್ಕ ವಸ್ತು.

ಆ ಅಂಕಿಯ ಸ್ವರೂಪವನ್ನು ಮೊದಲು ತಿಳಿಯಬೇಕು. ಕ್ರಿಕೆಟ್ ಬಲ್ಲ ಓದುಗರಿಗೆ ಈ ಆಟದ ಸ್ಥೂಲರೂಪ ಅಪರಿಚಿತವಲ್ಲ: ಒಬ್ಬನು ಚೆಂಡೆಸೆಯುತ್ತಾನೆ, ಇನ್ನೊಬ್ಬನು ಹೊಡೆಯುತ್ತಾನೆ, ಹೊಡೆದವನು ನಾಲ್ಕು ಮೂಲೆಗಳನ್ನು ಸುತ್ತಿ ಬಂದರೆ ಒಂದು ರನ್ನು. ವಿಶೇಷವಿರುವುದು ಋತುವಿನ ದೀರ್ಘತೆಯಲ್ಲಿ. ವಸಂತದಲ್ಲಿ ಮೊದಲಾಗಿ ಸೆಪ್ಟೆಂಬರ್ ಕೊನೆಯವರೆಗೆ ಒಂದೊಂದು ತಂಡವೂ ಸಾಮಾನ್ಯವಾಗಿ 162 ಪಂದ್ಯಗಳನ್ನು, ಎಂದರೆ ಹೆಚ್ಚುಕಡಮೆ ದಿನಕ್ಕೊಂದರಂತೆ, ಆಡುತ್ತದೆ. ತಂಡಗಳು ಎರಡು ಲೀಗುಗಳಾಗಿ, ಪ್ರತಿಯೊಂದು ಲೀಗು ವಿಭಾಗಗಳಾಗಿ ಹಂಚಿಹೋಗಿವೆ. ವಿಭಾಗದಲ್ಲಿ ಅಗ್ರಸ್ಥಾನ ಪಡೆದ ತಂಡಕ್ಕೆ ಅಕ್ಟೋಬರಿನ ಅಂತಿಮ ಸರಣಿಗಳ ಬಾಗಿಲು ತೆರೆಯುತ್ತದೆ. ಉಳಿದವುಗಳು ಎಷ್ಟು 'ಪಂದ್ಯ ಹಿಂದೆ' ಇವೆಯೆಂಬುದನ್ನು ಸರಳ ಲೆಕ್ಕವೊಂದು ತಿಳಿಸುತ್ತದೆ. ಮುಂದಿರುವ ತಂಡಕ್ಕೂ ಹಿಂದಿರುವ ತಂಡಕ್ಕೂ ಗೆಲುವುಗಳಲ್ಲಿರುವ ವ್ಯತ್ಯಾಸವನ್ನೂ ಸೋಲುಗಳಲ್ಲಿರುವ ವ್ಯತ್ಯಾಸವನ್ನೂ ಕೂಡಿಸಿ ಅರ್ಧಿಸಿದರೆ ಆಯಿತು. ಒಂದು ತಂಡ 60 ಗೆದ್ದು 40 ಸೋತಿದ್ದು, ಇನ್ನೊಂದು 55 ಗೆದ್ದು 45 ಸೋತಿದ್ದರೆ ಎರಡನೆಯದು ಐದು ಪಂದ್ಯ ಹಿಂದೆ. ಈ ಅಂಕಿಯೇ ಅಭಿಮಾನಿಯ ಆಶೆಯ ಅಳತೆಗೋಲು.

ಅಮೆರಿಕದ ವಾಯವ್ಯ ಮೂಲೆಯ ಸಿಯಾಟಲ್ ನಗರದ ಅಭಿಮಾನಿಗೆ ಈ ಅಳತೆಗೋಲು ಬಹುಕಾಲ ಕಹಿಯನ್ನೇ ಉಣಿಸಿತ್ತು. 1969ರಲ್ಲಿ ಆ ನಗರಕ್ಕೆ ಮೊದಲ ಬಾರಿಗೆ ಉನ್ನತ ಶ್ರೇಣಿಯ ತಂಡವೊಂದು ಬಂದಿತು. ಪೈಲಟ್ಸ್ ಎಂಬ ಹೆಸರಿನ ಅದು ಒಂದೇ ಋತು ಆಡಿ, ಮರುವರ್ಷ ಮಿಲ್ವಾಕಿ ನಗರದ ಪಾಲಾಯಿತು. ಸರ್ಕಾರದವರು ನ್ಯಾಯಾಲಯದ ಮೆಟ್ಟಿಲು ಹತ್ತಿದ ಫಲವಾಗಿ 1977ರಲ್ಲಿ ಮ್ಯಾರಿನರ್ಸ್ ಎಂಬ ಹೊಸ ತಂಡ ಹುಟ್ಟಿತು. ಆದರೆ ಗೆಲುವುಗಳ ಸಂಖ್ಯೆ ಸೋಲುಗಳ ಸಂಖ್ಯೆಯನ್ನು ಮೀರಿದ ಒಂದು ಋತುವನ್ನು ಕಾಣಲು ಅಭಿಮಾನಿಗಳು 1991ರವರೆಗೆ ಕಾಯಬೇಕಾಯಿತು. 1994ರ ಜುಲೈ 19ರಂದು ಪಂದ್ಯಕ್ಕೆ ಕೆಲವೇ ಗಂಟೆಗಳ ಮೊದಲು ಕಿಂಗ್‌ಡೋಮ್ ಎಂಬ ಅವರ ಮುಚ್ಚಿದ ಕ್ರೀಡಾಂಗಣದ ಚಾವಣಿಯ ಹಲಗೆಗಳು ಕಳಚಿಬಿದ್ದವು. ತಂಡ ಊರೂರು ಅಲೆದು ಆಡಬೇಕಾಯಿತು. ಅದೇ ಆಗಸ್ಟಿನಲ್ಲಿ ಆಟಗಾರರ ಮುಷ್ಕರ ಆರಂಭವಾಗಿ, ಆ ವರ್ಷದ ಅಂತಿಮ ಸರಣಿಯೇ ರದ್ದಾಯಿತು. ಕೋಟಿಗಟ್ಟಲೆ ಹಣಕ್ಕಾಗಿ ಒಡೆಯರೂ ಆಟಗಾರರೂ ಹಗ್ಗಜಗ್ಗಾಡಿದಾಗ ಆಟವನ್ನು ಪ್ರೀತಿಸಿದ ಸಾಮಾನ್ಯನನ್ನು ಕೇಳಿದವರಾರು? 1995ರಲ್ಲಿ ಆಟ ಮತ್ತೆ ಆರಂಭವಾದಾಗ ದೇಶದಾದ್ಯಂತ ಪ್ರೇಕ್ಷಕರ ಸಂಖ್ಯೆ ಗಣನೀಯವಾಗಿ ಕುಗ್ಗಿದ್ದು ಸಹಜವೇ ಆಗಿತ್ತು.

ತಡವಾಗಿ ಮೊದಲಾದುದರಿಂದ 1995ರ ಋತು 144 ಪಂದ್ಯಗಳಿಗೆ ಇಳಿದಿತ್ತು. ಮೇ 26ರಂದು ಸಿಯಾಟಲ್ ತಂಡದ ಕಣ್ಮಣಿಯಾಗಿದ್ದ ಕೆನ್ ಗ್ರಿಫಿ ಜೂನಿಯರ್ ಗೋಡೆಗೆ ಅಪ್ಪಳಿಸಿ ಚೆಂಡು ಹಿಡಿದಾಗ ಅವನ ಎಡಗೈಯ ಮಣಿಕಟ್ಟು ಮುರಿಯಿತು. ಆಗಸ್ಟ್ 2ರ ಹೊತ್ತಿಗೆ ತಂಡವು ತನ್ನ ವಿಭಾಗದ ಅಗ್ರಸ್ಥಾನದಲ್ಲಿದ್ದ ಕ್ಯಾಲಿಫೋರ್ನಿಯ ಏಂಜಲ್ಸ್ ತಂಡಕ್ಕಿಂತ ಹದಿಮೂರು ಪಂದ್ಯ ಹಿಂದೆ ಬಿದ್ದಿತ್ತು. ಉಳಿದಿದ್ದುದು ಎರಡು ತಿಂಗಳು. ವಿವೇಕಿಯಾದ ಅಭಿಮಾನಿ ಲೆಕ್ಕದ ಪುಸ್ತಕವನ್ನು ಮುಚ್ಚಿಟ್ಟು ಬೇರೆ ಕೆಲಸ ನೋಡಿಕೊಳ್ಳತಕ್ಕ ಕಾಲ ಅದು. ಹಾಗೆ ಮುಚ್ಚಿಟ್ಟವರನ್ನು ಹಳಿಯುವುದು ನ್ಯಾಯವಲ್ಲ. ನೊಂದ ಮನಸ್ಸು ತನ್ನನ್ನು ತಾನು ಕಾಪಾಡಿಕೊಳ್ಳಲು ಕಟ್ಟಿಕೊಳ್ಳುವ ಗೋಡೆಯದು.

ಅಂಥ ಗೋಡೆ ಒಮ್ಮೆಲೇ ಬೀಳುವುದಿಲ್ಲ. ಆಗಸ್ಟ್ ನಡುವಿನಲ್ಲಿ ಗ್ರಿಫಿ ಮರಳಿ ಕಣಕ್ಕಿಳಿದನು. ಆಗಸ್ಟ್ 24ರಂದು ನ್ಯೂಯಾರ್ಕಿನ ಯಾಂಕೀಸ್ ತಂಡದೆದುರು, ಕೊನೆಯ ಸರದಿಯಲ್ಲಿ ಇಬ್ಬರು ಔಟಾದ ಮೇಲೆ, ಅವನು ಹೊಡೆದ ಚೆಂಡು ಬೇಲಿ ದಾಟಿ ಪಂದ್ಯವನ್ನು ಗೆಲ್ಲಿಸಿತು. ಆ ದಿನಗಳಲ್ಲಿಯೇ ಏಂಜಲ್ಸ್ ತಂಡ ಸತತವಾಗಿ ಒಂಬತ್ತು ಪಂದ್ಯಗಳನ್ನು ಸೋಲತೊಡಗಿತು. ಸೆಪ್ಟೆಂಬರಿನಲ್ಲಿ ಇನ್ನೊಮ್ಮೆ ಅಂಥದೇ ಒಂಬತ್ತರ ಸರಮಾಲೆ ಅದರ ಕೊರಳಿಗೆ ಬಿದ್ದಿತು. ಹದಿಮೂರಿದ್ದುದು ಹತ್ತಾಗಿ, ಹತ್ತು ಆರಾಗಿ, ಆರು ಮೂರಾಗಿ ಕರಗತೊಡಗಿದಾಗ ಅಭಿಮಾನಿಯ ಮನಸ್ಸಿನಲ್ಲಿ ನಡೆದ ವ್ಯಾಪಾರವೇ ಈ ವಿಚಾರದ ಹೃದಯಭಾಗ. ಅವನು ತಟಕ್ಕನೆ ಕುಣಿದಾಡಲಿಲ್ಲ. ಮೊದಲು ಫಲಿತಾಂಶವನ್ನು ಓರೆಗಣ್ಣಿನಿಂದ ನೋಡಿದನು. ಬಳಿಕ ತನ್ನ ತಂಡದ ಅಂಕಣದ ಜೊತೆಗೆ ಎದುರಾಳಿಯ ಅಂಕಣವನ್ನೂ ನೋಡಿದನು. ಅನಂತರ ರಾತ್ರಿ ರೇಡಿಯೊ ಹಚ್ಚಿ, ತಂಡದ ಮೊದಲ ವರ್ಷದಿಂದಲೂ ವೀಕ್ಷಕವಿವರಣೆ ನೀಡುತ್ತ ಬಂದಿದ್ದ ಡೇವ್ ನೀಹಾಸ್ ಅವರ ಧ್ವನಿಗೆ ಕಿವಿಗೊಟ್ಟನು. ಮುಂಗಾರು ಕೈಕೊಟ್ಟ ಮೇಲೆ ರೈತನು ಹಸ್ತ, ಚಿತ್ತೆಯ ಮಳೆಗಾಗಿ ಮುಗಿಲು ನೋಡುವಾಗ ಬಾಯಿಬಿಟ್ಟು ಏನನ್ನೂ ಹೇಳುವುದಿಲ್ಲ. ಆದರೂ ಕೂರಿಗೆಯನ್ನು ಸರಿಮಾಡಿಟ್ಟುಕೊಳ್ಳುತ್ತಾನೆ. ಅಭಿಮಾನಿಯ ಸ್ಥಿತಿಯೂ ಅಂಥದೇ ಆಗಿತ್ತು. ಸೆಪ್ಟೆಂಬರ್ 20ರಂದು ಎರಡು ತಂಡಗಳೂ ಸಮಸಮವಾಗಿ ನಿಂತವು.

ಎಂದೂ ಸೋಲದವನ ಆಶೆಗೂ ಸೋತು ಮತ್ತೆ ಎದ್ದವನ ಆಶೆಗೂ ಅಜಗಜಾಂತರವಿದೆ. ಮೊದಲನೆಯದು ಎಳೆತನದ್ದು, ಲೋಕ ತನಗೆ ಒಳ್ಳೆಯದನ್ನೇ ಮಾಡುವುದೆಂಬ ನಂಬಿಕೆ ಅದರದು. ಎರಡನೆಯದು ಹಾಗಲ್ಲ. ಹಿಂದೆ ಎಷ್ಟು ಬಾರಿ ಕೈಸುಟ್ಟಿದೆಯೆಂಬುದು ಅದಕ್ಕೆ ಚೆನ್ನಾಗಿ ಗೊತ್ತು. ತೆನಾಲಿ ರಾಮಕೃಷ್ಣನ ಬೆಕ್ಕು ಒಮ್ಮೆ ಬಿಸಿಹಾಲಿನಿಂದ ಬಾಯಿ ಸುಟ್ಟುಕೊಂಡ ಬಳಿಕ ಹಾಲು ಕಂಡರೇ ಓಟ ಕೀಳುತ್ತಿತ್ತೆಂಬ ಕಥೆ ಮಕ್ಕಳಿಗೂ ಗೊತ್ತು. ಸುಟ್ಟುಕೊಂಡ ನೆನಪಿದ್ದೂ ಬಟ್ಟಲಿನ ಬಳಿಗೆ ಹೋಗಿ ಹಾಲಿನ ಬಿಸಿಯನ್ನು ಪರೀಕ್ಷಿಸಿ ನೋಡುವುದು ಬೆಕ್ಕಿನಿಂದಾಗದ ಕೆಲಸ. ಅದು ಮನುಷ್ಯನಿಗೆ ಮಾತ್ರ ಸಾಧ್ಯ. ಕನ್ನಡದಲ್ಲಿ 'ನಚ್ಚು' ಎಂಬ ಹಳೆಯ ಅಚ್ಚ ಶಬ್ದವೊಂದಿದೆ. ಅದರಲ್ಲಿ ನಂಬಿಕೆ, ನೆಚ್ಚಿಕೆ ಎಂಬ ಭಾವವಿದೆ. ಬರಿಯ ಬಯಕೆಯ ತೊನೆದಾಟವಿಲ್ಲ. ಪುನಃ ಮೂಡಿದ ಆಶೆಗೆ ಆ ಹೆಸರೇ ಸಲ್ಲತಕ್ಕದ್ದು.

ಆ ನಚ್ಚಿನ ಪರೀಕ್ಷೆ ಕೂಡಲೇ ಬಂದಿತು. ಮುನ್ನಡೆ ಸಾಧಿಸಿದ್ದ ಸಿಯಾಟಲ್ ತಂಡ ಋತುವಿನ ಕೊನೆಯ ಎರಡು ಪಂದ್ಯಗಳನ್ನು ಟೆಕ್ಸಾಸಿನಲ್ಲಿ ಸೋತಿತು. ಮುಗಿದೇಹೋಯಿತೆನಿಸಿದ್ದ ಏಂಜಲ್ಸ್ ತಂಡ ತನ್ನ ಕೊನೆಯ ಐದು ಪಂದ್ಯಗಳನ್ನೂ ಗೆದ್ದುಕೊಂಡಿತು. 144 ಪಂದ್ಯಗಳಾದ ಮೇಲೆ ಎರಡೂ ತಂಡಗಳ ಗೆಲುವು 78, ಸೋಲು 66. ಅಕ್ಟೋಬರ್ 2ರಂದು ಕಿಂಗ್‌ಡೋಮಿನಲ್ಲಿ ಒಂದೇ ಒಂದು ನಿರ್ಣಾಯಕ ಪಂದ್ಯ ನಡೆಯಿತು. ಸಿಯಾಟಲ್ ಪರವಾಗಿ ಚೆಂಡೆಸೆದವನು ರ‍್ಯಾಂಡಿ ಜಾನ್ಸನ್. ಎದುರಾಳಿಯ ಪರವಾಗಿ ಎಸೆದವನು ಮಾರ್ಕ್ ಲ್ಯಾಂಗ್‌ಸ್ಟನ್. 1989ರಲ್ಲಿ ಸಿಯಾಟಲ್ ತನ್ನ ಹೆಸರಾಂತ ಎಸೆತಗಾರನಾಗಿದ್ದ ಇದೇ ಲ್ಯಾಂಗ್‌ಸ್ಟನ್‌ನನ್ನು ಮಾಂಟ್ರಿಯಲ್ ತಂಡಕ್ಕೆ ಬಿಟ್ಟುಕೊಟ್ಟು, ಪ್ರತಿಯಾಗಿ ಪಡೆದ ಯುವಕರಲ್ಲಿ ಈ ಜಾನ್ಸನ್ ಒಬ್ಬನಾಗಿದ್ದನು. ಆರು ವರ್ಷಗಳ ಹಿಂದಿನ ನಷ್ಟ ಆ ದಿನ ಲಾಭವಾಗಿ ಪರಿಣಮಿಸಿತು. ಪಂದ್ಯ 9–1ರಿಂದ ಸಿಯಾಟಲ್ ಪಾಲಾಯಿತು. ಹತ್ತೊಂಬತ್ತು ಋತುಗಳಲ್ಲಿ ಮೊದಲ ಬಾರಿಗೆ ಆ ತಂಡ ಅಕ್ಟೋಬರಿನ ಸರಣಿಗೆ ಕಾಲಿಟ್ಟಿತು.

ಇಲ್ಲಿಗೆ ಕಥೆಯನ್ನು ನಿಲ್ಲಿಸಿ, 'ನಂಬಿ ಕೆಟ್ಟವರಿಲ್ಲ' ಎಂದು ಮಂಗಳ ಹಾಡಿಬಿಡುವುದು ಸುಲಭ. ಆದರೆ ಅದು ಅರ್ಧಸತ್ಯವಾದೀತು. ಅದೇ ಅಕ್ಟೋಬರ್ 2ರ ರಾತ್ರಿ ಏಂಜಲ್ಸ್ ತಂಡದ ಊರಾದ ಆನಹೈಮಿನಲ್ಲಿಯೂ ಒಬ್ಬ ಅಭಿಮಾನಿಯಿದ್ದನು. ಆಗಸ್ಟಿನಲ್ಲಿ ಬೀಗುತ್ತಿದ್ದ ಅವನ ಆಶೆ ಎರಡು ಸೋಲಿನ ಸರಮಾಲೆಗಳಲ್ಲಿ ಕಮರಿ, ಕೊನೆಯ ಐದು ಗೆಲುವುಗಳಿಂದ ಮತ್ತೆ ಚಿಗುರಿ, ಒಂದೇ ಪಂದ್ಯದಲ್ಲಿ ಮಣ್ಣುಗೂಡಿತು. ಅವನ ನಚ್ಚೂ ಸಿಯಾಟಲಿನವನ ನಚ್ಚಿನಷ್ಟೇ ಪ್ರಾಮಾಣಿಕವಾಗಿತ್ತು. 1964ರಲ್ಲಿ ಫಿಲಡೆಲ್ಫಿಯ ತಂಡ ಹನ್ನೆರಡು ಪಂದ್ಯಗಳು ಉಳಿದಿರುವಾಗ ಆರೂವರೆ ಪಂದ್ಯ ಮುಂದಿದ್ದು, ಸತತ ಹತ್ತು ಪಂದ್ಯ ಸೋತು, ಅಗ್ರಸ್ಥಾನವನ್ನು ಸೇಂಟ್ ಲೂಯಿಸ್ ತಂಡಕ್ಕೆ ಒಪ್ಪಿಸಿತು. ಅಲ್ಲಿನ ಅಭಿಮಾನಿಗಳ ಭಕ್ತಿಯಲ್ಲಿ ಕೊರತೆಯಿತ್ತೆಂದು ಯಾರು ಹೇಳಬಲ್ಲರು? ಪ್ರತಿಯೊಂದು ಗೆಲುವಿನ ಎದುರಿಗೆ ಒಂದು ಸೋಲು ಇದ್ದೇ ಇರುವ ವ್ಯವಸ್ಥೆಯಲ್ಲಿ, ಫಲ ಸಿಕ್ಕವನ ಆಶೆ ಮಾತ್ರ ಸಾರ್ಥಕ, ಸಿಗದವನದು ಮೂರ್ಖತನ ಎಂದು ತೀರ್ಪು ಕೊಡುವುದು ವಿಚಾರವಂತರಿಗೆ ಒಪ್ಪತಕ್ಕುದಲ್ಲ. ಆಶೆಯ ಬೆಲೆಯನ್ನು ಫಲದಿಂದ ಅಳೆಯದೆ, ಅದು ಆಶೆಪಟ್ಟವನನ್ನು ಏನನ್ನಾಗಿ ಮಾಡಿತೆಂಬುದರಿಂದ ಅಳೆಯಬೇಕು.

ಹಾಗಾದರೆ ಅದು ಅವನನ್ನು ಏನನ್ನಾಗಿ ಮಾಡುತ್ತದೆ? ಚೆಂಡು ಅವನ ಕೈಯಲ್ಲಿಲ್ಲ. ದಾಂಡೂ ಅವನ ಕೈಯಲ್ಲಿಲ್ಲ. ಗೆದ್ದರೆ ಅವನ ಸಂಬಳ ಏರುವುದಿಲ್ಲ. ಜೂಜುಗಾರನ ಆಶೆಗೂ ಇವನ ಆಶೆಗೂ ಇರುವ ಭೇದ ಇಲ್ಲಿಯೇ. ಜೂಜುಗಾರನು ಅಂಕಿಯನ್ನು ನೋಡುವುದು ತನ್ನ ಕಿಸೆಗಾಗಿ. ಅಭಿಮಾನಿ ನೋಡುವುದು ತನ್ನವರೆಂದು ತಾನು ಒಪ್ಪಿಕೊಂಡವರಿಗಾಗಿ. ಸ್ವಂತ ಲಾಭವಿಲ್ಲದ ವಿಷಯದಲ್ಲಿ ಮನಸ್ಸನ್ನು ತೊಡಗಿಸುವುದು, ಲೆಕ್ಕ ತಪ್ಪದೆ ಸತ್ಯವನ್ನು ಎದುರಿಸುವುದು, ಸೋತ ಮರುದಿನವೂ ಕೈಬಿಡದಿರುವುದು—ಈ ಮೂರನ್ನೂ ಋತುವಿನ ಕೊನೆಯ ವಾರಗಳು ಅವನಿಗೆ ಕಲಿಸುತ್ತವೆ. ಅಲ್ಲದೆ, ಅಪರಿಚಿತರನ್ನು ಒಂದುಗೂಡಿಸುತ್ತವೆ. ಬಸ್ಸಿನಲ್ಲಿ ಪಕ್ಕದಲ್ಲಿ ಕುಳಿತವನೊಡನೆ ಎಂದೂ ಮಾತನಾಡದವನು ಸೆಪ್ಟೆಂಬರಿನಲ್ಲಿ 'ನಿನ್ನೆ ಏನಾಯಿತು?' ಎಂದು ಕೇಳುತ್ತಾನೆ. ಅದು ಅಲ್ಪ ಲಾಭವಲ್ಲ.

ಇನ್ನೊಂದು ಆಕ್ಷೇಪವಿದೆ, ಅದು ಇದಕ್ಕಿಂತ ಗಟ್ಟಿಯಾದದ್ದು. ಇಂಥ ಆಶೆಯನ್ನು ಬಂಡವಾಳ ಮಾಡಿಕೊಳ್ಳುವವರು ಇದ್ದಾರೆ. ಹೊಸ ಕ್ರೀಡಾಂಗಣದ ಏರ್ಪಾಡು ಆಗದಿದ್ದರೆ ತಂಡವನ್ನು ಮಾರಾಟಕ್ಕಿಡುವುದಾಗಿ ಒಡೆಯರು ಆ ವರ್ಷ ತಿಳಿಸಿದ್ದರು. ಮಾರಾಟತೆರಿಗೆಯನ್ನು ಹೆಚ್ಚಿಸಿ ಕ್ರೀಡಾಂಗಣ ಕಟ್ಟುವ ಪ್ರಸ್ತಾಪವನ್ನು ಸೆಪ್ಟೆಂಬರ್ 19ರಂದು ಕಿಂಗ್ ಕೌಂಟಿಯ ಮತದಾರರು ಅತ್ಯಲ್ಪ ಅಂತರದಿಂದ ತಿರಸ್ಕರಿಸಿದರು. ಆದರೆ ಅಕ್ಟೋಬರಿನ ಉತ್ಸಾಹದ ಪ್ರವಾಹದಲ್ಲಿ ರಾಜ್ಯದ ಶಾಸನಸಭೆ ವಿಶೇಷ ಅಧಿವೇಶನ ಸೇರಿ, ಉಪಾಹಾರಗೃಹಗಳು, ಬಾಡಿಗೆ ಕಾರುಗಳು ಮೊದಲಾದವುಗಳ ಮೇಲಿನ ತೆರಿಗೆಯಿಂದ ಹಣ ಒದಗಿಸುವ ಬೇರೊಂದು ಯೋಜನೆಗೆ ಒಪ್ಪಿಗೆಯಿತ್ತಿತು. ಹೊಸ ಕ್ರೀಡಾಂಗಣ 1999ರ ಜುಲೈಯಲ್ಲಿ ತೆರೆಯಿತು. ಹಳೆಯ ಕಿಂಗ್‌ಡೋಮನ್ನು 2000ದ ಮಾರ್ಚಿಯಲ್ಲಿ ಸಿಡಿಮದ್ದಿಟ್ಟು ಕೆಡವಲಾಯಿತು. ಕೆಡವಿದ ಮನೆಯ ಸಾಲ ತೀರಿದ್ದು ಮಾತ್ರ 2015ರಲ್ಲಿ! ತಂಡ ಊರಿನಲ್ಲಿ ಉಳಿಯಿತು, ನಿಜ. ಎರಡನೆಯ ಬಾರಿಗೆ ತಂಡವನ್ನು ಕಳೆದುಕೊಳ್ಳುವ ಸಂಕಟ ತಪ್ಪಿತು, ಅದೂ ನಿಜ. ಹಾಗೆಂದು ಮತದಾರರ ಮಾತನ್ನು ಗೆಲುವಿನ ಗದ್ದಲದಲ್ಲಿ ಬದಿಗೊತ್ತಿದುದು ಪ್ರಶ್ನಾತೀತವಾಗದು. ಜನರ ಆಶೆಯು ಒಡೆಯರ ಕೈಯಲ್ಲಿಟ್ಟ ನ್ಯಾಸದ್ರವ್ಯವಿದ್ದಂತೆ. ಅದನ್ನು ಕಾಪಾಡಬೇಕು, ಮೂಗಿಗೆ ತುಪ್ಪ ಸವರಿ ಕಿಸೆ ತಡವುವುದು ಸಲ್ಲದು. ಇದು ಆಶೆಯ ದೋಷವಲ್ಲ, ಅದನ್ನು ಬಳಸಿಕೊಳ್ಳುವವರ ದೋಷ. ಹೂವಿನ ಕಂಪಿಗೆ ಹೂವಾಡಗಿತ್ತಿಯ ತಕ್ಕಡಿಯ ಮೋಸವನ್ನು ಆರೋಪಿಸಲಾಗದು.

ಕಥೆಯ ಶೇಷಭಾಗವನ್ನೂ ಹೇಳದಿದ್ದರೆ ವಾದ ಪೂರ್ಣವಾಗದು. ಆ ಅಕ್ಟೋಬರಿನಲ್ಲಿ ಸಿಯಾಟಲ್ ತಂಡ ನ್ಯೂಯಾರ್ಕಿನೆದುರು ಮೊದಲ ಎರಡು ಪಂದ್ಯಗಳನ್ನು ಸೋತು, ಮುಂದಿನ ಮೂರನ್ನೂ ಗೆದ್ದಿತು; ಐದನೆಯ ಪಂದ್ಯದ ಹನ್ನೊಂದನೆಯ ಸರದಿಯಲ್ಲಿ ಎಡ್ಗರ್ ಮಾರ್ಟಿನೆಜ್ ಹೊಡೆದ ಚೆಂಡಿಗೆ ಗ್ರಿಫಿ ಮೊದಲ ಮೂಲೆಯಿಂದ ಓಡಿಬಂದು ಗೆಲುವಿನ ರನ್ನು ಗಳಿಸಿದನು. ಆದರೆ ಮುಂದಿನ ಸರಣಿಯಲ್ಲಿ ಕ್ಲೀವ್ಲೆಂಡ್ ತಂಡ ಅವರನ್ನು ಸೋಲಿಸಿತು. 2001ರಲ್ಲಿ ಅದೇ ತಂಡ 116 ಪಂದ್ಯಗಳನ್ನು ಗೆದ್ದು 1906ರ ಷಿಕಾಗೊ ಕಬ್ಸ್ ತಂಡದ ದಾಖಲೆಯನ್ನು ಸರಿಗಟ್ಟಿತು. ಆಗಲೂ ಅಂತಿಮ ಸರಣಿ ದಕ್ಕಲಿಲ್ಲ. ಆ ಬಳಿಕ 2021ರವರೆಗೆ ಒಂದು ವರ್ಷವೂ ಅಕ್ಟೋಬರಿನ ಬಾಗಿಲು ತೆರೆಯಲಿಲ್ಲ. 2022ರ ಸೆಪ್ಟೆಂಬರ್ 30ರಂದು ಕ್ಯಾಲ್ ರಾಲಿ ಎಂಬ ಆಟಗಾರನ ಒಂದು ಹೊಡೆತ ಆ ದೀರ್ಘ ಬರವನ್ನು ಕೊನೆಗೊಳಿಸಿತು. 2025ರಲ್ಲಿ ತಂಡ ಅಂತಿಮ ಸರಣಿಯ ಹೊಸ್ತಿಲವರೆಗೆ ಹೋಗಿ, ಟೊರಾಂಟೊದಲ್ಲಿ ಏಳನೆಯ ಪಂದ್ಯವನ್ನು ಒಂದೇ ರನ್ನಿನಿಂದ ಸೋತು ಹಿಂತಿರುಗಿತು. ಇತ್ತ 1995ರಲ್ಲಿ ಕಣ್ಣೀರಿಟ್ಟಿದ್ದ ಏಂಜಲ್ಸ್ ಅಭಿಮಾನಿಗಳು 2002ರಲ್ಲಿಯೇ ಅಂತಿಮ ಕಿರೀಟವನ್ನು ಕಂಡರು. ಫಿಲಡೆಲ್ಫಿಯದವರು 1980ರಲ್ಲಿ ಕಂಡರು. ಅಂದು ನಕ್ಕವರು ಇನ್ನೂ ಕಾಯುತ್ತಿದ್ದಾರೆ, ಅಂದು ಅತ್ತವರು ಆಮೇಲೆ ನಕ್ಕಿದ್ದಾರೆ. ಕಾಲಚಕ್ರದ ಈ ಗತಿಯನ್ನು ಕಂಡ ಮೇಲೆ ಒಂದು ಋತುವಿನ ಫಲದಿಂದ ಆಶೆಗೆ ಬೆಲೆ ಕಟ್ಟುವವರು ಅವಸರದ ವ್ಯಾಪಾರಿಗಳೆಂದೇ ಹೇಳಬೇಕು.

ಈ ವಿಚಾರ ಆಟದ ಮೈದಾನದಲ್ಲಿಯೇ ಮುಗಿಯುವಂಥದಲ್ಲ. ಪ್ರತಿಯೊಂದು ತರಗತಿಯಲ್ಲಿಯೂ ಹದಿಮೂರು ಪಂದ್ಯ ಹಿಂದೆ ಬಿದ್ದ ಹುಡುಗನೊಬ್ಬನು ಹಿಂದಿನ ಸಾಲಿನಲ್ಲಿ ಕುಳಿತಿರುತ್ತಾನೆ. ಅರ್ಧವಾರ್ಷಿಕ ಪರೀಕ್ಷೆಯ ಅಂಕಪಟ್ಟಿಯನ್ನು ಮಡಿಸಿ ಚೀಲದ ತಳದಲ್ಲಿ ಇಟ್ಟುಕೊಂಡು, 'ಈ ವರ್ಷ ಇಷ್ಟೇ' ಎಂದು ತನ್ನ ಲೆಕ್ಕವನ್ನು ತಾನೇ ಮುಚ್ಚಿಬಿಟ್ಟಿರುತ್ತಾನೆ. ಅವನಿಗೆ 'ನೀನೇ ಮೊದಲಿಗನಾಗುವೆ' ಎನ್ನುವುದು ವಂಚನೆ. 'ನಿನ್ನಿಂದಾಗದು' ಎನ್ನುವುದು ಕ್ರೌರ್ಯ. ಉಳಿದ ಪಂದ್ಯಗಳೆಷ್ಟು, ಇಂದು ಗೆಲ್ಲಬೇಕಾದದ್ದು ಯಾವುದು ಎಂದು ಪಕ್ಕದಲ್ಲಿ ಕುಳಿತು ಎಣಿಸಿ ತೋರಿಸುವವನೇ ನಿಜವಾದ ಅಧ್ಯಾಪಕ. ಹದಿಮೂರನ್ನು ಒಂದೇ ದಿನದಲ್ಲಿ ಯಾರೂ ದಾಟಲಾರರು; ಹದಿಮೂರು ಹನ್ನೆರಡಾಗಲು ಒಂದು ದಿನ ಸಾಕು.

ಆಶೆ ಗುರಿಯನ್ನು ಮುಟ್ಟಿಸುವುದೆಂದು ಯಾರೂ ಮಾತು ಕೊಡಲಾರರು. ದಿಕ್ಕು ಸಹ ಊರನ್ನು ಮುಟ್ಟಿಸುವುದಿಲ್ಲ. ನಡೆಯುವ ಕಾಲು ಮುಟ್ಟಿಸಬೇಕು. ಆದರೆ ಯಾವ ಕಡೆಗೆ ಹೆಜ್ಜೆ ಇಡಬೇಕೆಂಬುದನ್ನು ತಿಳಿಸುವುದು ದಿಕ್ಕೇ. ಸೆಪ್ಟೆಂಬರಿನ ಸಂಜೆ ಸಿಯಾಟಲಿನ ಅಭಿಮಾನಿ ಮುಚ್ಚಿಟ್ಟಿದ್ದ ಲೆಕ್ಕದ ಪುಸ್ತಕವನ್ನು ಮತ್ತೆ ತೆರೆದಾಗ ಗೆಲುವು ಅವನಿಗೆ ಕಾಣುತ್ತಿರಲಿಲ್ಲ. ಕಂಡದ್ದು ನಾಳೆಯ ಪಂದ್ಯ ಮಾತ್ರ. ಅಷ್ಟು ಕಂಡರೆ ಮನುಷ್ಯನಿಗೆ ನಾಳೆಯವರೆಗಿನ ದಾರಿಗೆ ಬೆಳಕು ಸಾಕಾಗುತ್ತದೆ.